ನಾದಿನಿಯ ಕೋಟಿನ ಲೇಸು

ಹೋದ ಸಲ ವಿಮಾನದಲ್ಲಿ ನಮ್ಮ ಪಕ್ಕದ ಮನೆ ಟೈಲರಮ್ಮನ ಎರಡು ವರ್ಷದ ಮಗಳು ರಚ್ಚೆ ಹಿಡಿದಾಗ, ಜೊತೆಗಿದ್ದ ನಾದಿನಿ ಎದ್ದು ಬೇರೆ ಸೀಟಿಗೆ ಹೋಗಿ ಕೂತಳು. ಆಮೇಲೆ ನೆಂಟರಿಗೆಲ್ಲ, "ಅತ್ತಿಗೆಗೆ ಮಗು ಸಾಕೋಕೇ ಬರಲ್ಲ" ಅಂತ ಡಂಗುರ ಸಾರಿದಳು. ಟೈಲರಮ್ಮ ಆ ಮಾತನ್ನು ನುಂಗಿಕೊಂಡಳು, ಮರೆಯಲಿಲ್ಲ.

ಈ ಸಲ ಮತ್ತೆ ಜೊತೆಯಲ್ಲೇ ಪ್ರಯಾಣ. ಹೊರಡುವ ಮುಂಚೆ ನಾದಿನಿ ಹೊಸ ಕೋಟು ತಂದು, "ಅಂಚಿಗೆ ಲೇಸು ಹಾಕಿಕೊಡಿ ಅತ್ತಿಗೆ" ಅಂದಳು. ಟೈಲರಮ್ಮ ಸರಪಳಿ ಹೊಲಿಗೆ ಹಾಕಿ, ಕೊನೆಗೆ ಗಂಟು ಹಾಕದೆ ಬಿಟ್ಟಳು. ಆ ಹೊಲಿಗೆಯ ತುದಿ ಎಳೆದರೆ ಸರಸರ ಬಿಚ್ಚಿಕೊಳ್ಳುತ್ತೆ. ಹೊಲಿಗೆ ಅಂಗಡಿಯಲ್ಲಿ ಬೆಳೆದ ಮಗುವಿಗೆ ನೇತಾಡುವ ದಾರ ಕಂಡರೆ ಬೇರೆ ಆಟಿಕೆ ಬೇಡ.

ವಿಮಾನ ಏರಿತು. ನಾದಿನಿ ಕಿಟಕಿಗೆ ಒರಗಿ ಗೊರಕೆ ಹೊಡೆದಳು. ಪಕ್ಕದಲ್ಲಿದ್ದ ಮಗು ಅವಳು ತೊಟ್ಟಿದ್ದ ಕೋಟಿನ ದಾರ ಎಳೆಯಿತು, ಕಿಲಕಿಲ ನಕ್ಕಿತು, ಮತ್ತೆ ಎಳೆಯಿತು. ಅಳುವ ಮಾತೇ ಇಲ್ಲ. ಆಡಿ ಆಡಿ ಸಾಕಾಗಿ ಅಮ್ಮನ ಹೆಗಲ ಮೇಲೆ ಮಲಗಿತು.

ಇಳಿಯಲು ಎದ್ದಾಗ ಲೇಸು ನಾದಿನಿಯ ಹಿಂದೆ ಬಾಲದ ಹಾಗೆ ಜೋತಾಡಿತು. ಹಿಂದಿದ್ದವರೆಲ್ಲ ನಕ್ಕರು.

"ಅಯ್ಯೋ ಅತ್ತಿಗೆ, ಒಂದು ಪಿನ್ನು ಕೊಡಿ, ಮಾನ ಹೋಗ್ತಿದೆ!"

"ಮೆಲ್ಲಗೆ ಮಾತಾಡೇ, ಮಗು ಈಗ ತಾನೇ ಮಲಗಿದೆ," ಅಂತ ಟೈಲರಮ್ಮ ತಿರುಗಿಯೂ ನೋಡದೆ ನಡೆದಳು.