ಪಳಗಿಸಿದ ಟ್ಯೂಬು

ತಾತನಿಗೆ ಮೂತ್ರ ಕಟ್ಟಿದಾಗ ತುಮಕೂರಿನ ಡಾಕ್ಟರು ರಬ್ಬರ್ ಟ್ಯೂಬು ಹಾಕಿ, ಅದರ ತುದಿಗೊಂದು ಚೀಲ ಸಿಕ್ಕಿಸಿ ಮನೆಗೆ ಕಳಿಸಿದರು. ಅಂದಿನಿಂದ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಆ ಟ್ಯೂಬೇ ಯಜಮಾನ. ಅದರಲ್ಲಿ ಇಳಿಯುತ್ತಿದ್ದರೆ ನಮಗೆ ಊಟ, ಇಲ್ಲದಿದ್ದರೆ ಆಸ್ಪತ್ರೆ.

ಆಸ್ಪತ್ರೆಯೇ ಹೆಚ್ಚು. ಬಚ್ಚಲ ಹಂಡೆಯಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕೂರುತ್ತದಲ್ಲ, ಟ್ಯೂಬಿನೊಳಗೂ ಹಾಗೆಯೇ ಬಿಳಿ ಗಸಿ ಕೂತು ದಾರಿ ಮುಚ್ಚುತ್ತಿತ್ತು. ತಾತನ ಹೊಟ್ಟೆ ಉಬ್ಬಿ ಮಾತು ನಿಲ್ಲುತ್ತಿತ್ತು. ಅಪ್ಪ ಆಟೋ ತರಲು ಓಡುತ್ತಿದ್ದರು. ನಾವು ಎಷ್ಟು ಸಲ ಹೋಗಿದ್ದೆವೆಂದರೆ ಆಸ್ಪತ್ರೆಯ ನಾಯಿ ಎದ್ದು ಬೆಂಚಿನ ಕೆಳಗೆ ನಮಗೆ ಚಪ್ಪಲಿ ಬಿಡಲು ಜಾಗ ಕೊಡುತ್ತಿತ್ತು. ಅಮ್ಮ ಒಗ್ಗರಣೆ ಸಿಡಿಯುವಷ್ಟರಲ್ಲಿ ಒಂದು ನಿದ್ದೆ ಮುಗಿಸುವುದನ್ನು ಕಲಿತಿದ್ದಳು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ಕೇಳುವ ಶಕ್ತಿ ಯಾರಿಗೂ ಉಳಿದಿರಲಿಲ್ಲ.

ತಾತನಿಗೆ ಒಂದೇ ಆಸೆ. ಕುಣಿಗಲ್‌ನಲ್ಲಿ ನನ್ನ ಅತ್ತೆಯ ಮಗಳ ಮದುವೆ. ಬಸ್ಸಿನಲ್ಲಿ ಹೋಗಿ, ಮೊಮ್ಮಗಳ ಧಾರೆ ನೋಡಿ ಬರಬೇಕು.

"ಈ ಟ್ಯೂಬ್ ನಂಬ್ಕೊಂಡು ಕಳ್ಸಕ್ಕಾಗಲ್ಲ ಯಜಮಾನ್ರೇ," ಎಂದರು ಡಾಕ್ಟರು. "ಬೆಂಗ್ಳೂರಲ್ಲಿ ಸಿಲಿಕೋನ್ ಲೇಪ ಇರೋದು ಸಿಗುತ್ತೆ, ತರ್ಸಿ. ಒಳಗೆ ನುಣ್ಣಗಿರುತ್ತೆ, ಗಸಿ ಬೇಗ ಅಂಟ್ಕೊಳಲ್ಲ. ಕಟ್ಕೊಳೋದೇ ಇಲ್ಲ ಅಂತಲ್ಲ, ತಡ ಆಗುತ್ತೆ. ಮದ್ವೆ ಮುಗಿಸ್ಕೊಂಡು ಬರ್ಬೋದು."

ಅಪ್ಪ ಬೆಂಗಳೂರಿಗೆ ಹೋಗಿ ತಂದರು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಡಾಕ್ಟರ ಮೇಜಿನ ಮೇಲೆ ಪೊಟ್ಟಣ ಇಟ್ಟರೆ, ಅದರ ಬಾಯಿ ಆಗಲೇ ತೆರೆದಿತ್ತು. ಒಳಗಿದ್ದದ್ದು ಊದಿಕೊಂಡು, ಮೆತ್ತಗಾಗಿ, ಹರಳೆಣ್ಣೆ ಸುರಿಸುತ್ತಿತ್ತು.

"ಯಾರ್ರೀ ಇದನ್ನ ಬಿಚ್ಚಿದ್ದು?"

"ನಾನೇ ಕಣಪ್ಪ," ಎಂದಳು ತಾತನ ಜೊತೆ ಬಂದಿದ್ದ ಅಜ್ಜಿ. "ಹೊಸಾ ಕಾವ್ಲಿನ ಎಣ್ಣೆ ಕುಡ್ಸಿ ಪಳಗಿಸ್ದೆ ಯಾರಾದ್ರೂ ದೋಸೆ ಹುಯ್ತಾರಾ? ಅಂಟ್ಬಾರ್ದು ಅಂತ ನೀವೇ ಅಂದ್ರಿ. ಬಂದ ದಿನದಿಂದ ದಿನಾ ಸವರ್ದೆ."

"ಅಜ್ಜಿ, ಅದನ್ನ ಪಳಗ್ಸೇ ಕಳ್ಸಿರ್ತಾರೆ. ಎಣ್ಣೆ ಬಿದ್ರೆ ರಬ್ಬರ್ ಹಾಳಾಗುತ್ತೆ."

ಇನ್ನೊಂದು ತರಲು ಹೊತ್ತಿರಲಿಲ್ಲ. ಹಳೆಯ ಥರದ್ದನ್ನೇ ಹಾಕಿದರು. ಮಾರನೆಯ ದಿನ ಅಪ್ಪ ಒಬ್ಬರೇ ಕುಣಿಗಲ್ ಬಸ್ಸು ಹತ್ತಿದರು. ತಾತ ಇಸ್ತ್ರಿ ಮಾಡಿಸಿದ್ದ ಪಂಚೆ ಉಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗಿದ. ಅಜ್ಜಿ ಏನು ಕೇಳಿದರೂ "ಹ್ಞೂಂ" ಅನ್ನಲಿಲ್ಲ. ಅವಳೂ ಕೇಳುವುದನ್ನು ಬಿಟ್ಟಳು. ಮನೆಯಲ್ಲಿ ಎಷ್ಟು ಮೌನವಿತ್ತೆಂದರೆ ಹಲ್ಲಿ ಲೊಚಗುಟ್ಟುವ ಮೊದಲು ಅತ್ತಿತ್ತ ನೋಡುತ್ತಿತ್ತು.

ಅಪ್ಪ ಮತ್ತೆ ಬೆಂಗಳೂರಿಗೆ ಹೋಗಿಬಂದರು. ಈ ಸಲ ಪೊಟ್ಟಣ ಅವರ ಬೀರುವಿನಲ್ಲಿ, ಬೀಗದ ಕೈ ಅವರ ಉಡುದಾರದಲ್ಲಿ. ಹೊಸ ಟ್ಯೂಬು ಹಾಕಿದ ಮೇಲೆ ಹಳೆಯದಾಗಿದ್ದರೆ ಕಟ್ಟಿಕೊಳ್ಳುತ್ತಿದ್ದ ದಿನ ಬಂತು, ಹೋಯಿತು. ಚೀಲಕ್ಕೆ ಇಳಿಯುತ್ತಲೇ ಇತ್ತು. ಅಮ್ಮ ಮಲಗಿ ನಿದ್ದೆ ಮಾಡಿದಳು.

ಆಮೇಲೊಂದು ಭಾನುವಾರ ಮದುಮಕ್ಕಳು ತಾತನನ್ನು ನೋಡಲು ಬಂದರು. ಅಜ್ಜಿ ದೋಸೆಗೆ ಕೂತಳು. ಮೊದಲನೆಯದು ಕಾವಲಿಗೆ ಅಂಟಿತು. ಎರಡನೆಯದೂ ಚಿಂದಿಯಾಯಿತು.

ಮಂಚದಿಂದ ತಾತನ ದನಿ ಬಂತು. ಮದುವೆಯ ದಿನದಿಂದ ಅವಳೊಂದಿಗೆ ಆಡಿದ ಮೊದಲ ಮಾತು.

"ಎಣ್ಣೆಯೆಲ್ಲಾ ನನ್ ಟ್ಯೂಬಿಗೇ ಹುಯ್ದ್‌ಬುಟ್ಟೇನೇ?"

ಅಜ್ಜಿ ತಿರುಗಿ ನೋಡಲಿಲ್ಲ. "ಹ್ಞೂಂ ಕಣ್ ಸುಮ್ಕಿರಿ," ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು, ಮೂರನೆಯ ದೋಸೆ ಹುಯ್ದಳು.