ಗೊಟ್ಟ ಕೆಳಗಿಟ್ಟ ದೊಡ್ಡವ್ವ

ದೊಡ್ಡವ್ವನ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ದನದ ಬಾಯೊಳಗೆ ಕೈ ಹಾಕಿದಾಗ ಯಾವುದೋ ಎತ್ತು ದವಡೆಯಲ್ಲಿ ಅಗಿದುಬಿಟ್ಟಿತ್ತಂತೆ. ಬೈಯುವಾಗ ಆ ಬೋಳು ಬೆರಳನ್ನೇ ನಮ್ಮ ಮೂಗಿನ ಮುಂದೆ ಆಡಿಸುತ್ತಿದ್ದಳು. ರಕ್ತಸಂಬಂಧವೇನಲ್ಲ, ಎಮ್ಮಿಗನೂರಿನಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು. ನಾನು ಸೊಸೆಯಾಗಿ ಬಂದ ದಿನದಿಂದ ನನಗೂ ದೊಡ್ಡವ್ವ.

ಕೂತಲ್ಲಿ ಕೂರುವ ಜೀವವಲ್ಲ ಅದು. "ಕುಂದ್ರು ದೊಡ್ಡವ್ವ, ಚಾ ಕುಡಿ" ಎಂದರೆ, "ಹಾಕು, ನಿಂತಕೊಂಡ ಕುಡೀತೀನಿ" ಎನ್ನುತ್ತಿದ್ದಳು. ಓಣಿಯಲ್ಲಿ ಯಾವ ದನ ಮೇವು ಬಿಟ್ಟರೂ ಬಿದಿರಿನ ಗೊಟ್ಟ ಹಿಡಿದು ಅವಳೇ ಬರಬೇಕು. ದನದ ತಲೆ ಮೇಲಕ್ಕೆತ್ತಿಸಿ, ನಾಲಿಗೆ ಎಳೆದು ಹಿಡಿದು, ಎಣ್ಣೆಯನ್ನೋ ಕಷಾಯವನ್ನೋ ಆ ಕೊಳವೆಯಿಂದ ಗಂಟಲಿಗೆ ಸುರಿಯುತ್ತಿದ್ದಳು. ಅವಳು ಬಂದು ಹೋದರೆ ಮನೆಯವರಿಗೆ ಅರ್ಧ ಧೈರ್ಯ.

ಒಮ್ಮೆ ಕಬ್ಬು ಕಡಿಯುವ ಹೊತ್ತಿನಲ್ಲಿ ಓಣಿಯ ದನಗಳಿಗೆಲ್ಲ ಕೆಮ್ಮು ಹತ್ತಿತು. ಒಬ್ಬರು ಸಂಡೂರಿನ ಗಣಿ ಧೂಳು ಎಂದರು, ಇನ್ನೊಬ್ಬರು ಕಬ್ಬಿನ ಒಣಗರಿ, ರವದಿ ಸುಟ್ಟ ಹೊಗೆ ಎಂದರು. ಕಂಪ್ಲಿಯಿಂದ ಬಂದ ದನದ ಡಾಕ್ಟರು ರಕ್ತ ತೆಗೆದು ಕಳಿಸಿದರು, ಏನೆಂದು ತಿಳಿಯಲಿಲ್ಲ. "ಗೊತ್ತಾಗಿಲ್ಲ" ಎಂಬ ಮಾತು ಕೇಳಿ ಕೇಳಿ ನನಗೆ ತಲೆ ಕೆಟ್ಟಿತ್ತು. ನಮ್ಮ ಆಕಳು ತುಂಬು ಗಬ್ಬ. ಗಳಿಗೆಗೊಮ್ಮೆ ಹೋಗಿ ಅದರ ಪಕ್ಕೆ ನೋಡುತ್ತಿದ್ದೆ, ಇತ್ತ ಒಲೆಯ ಮೇಲೆ ಅನ್ನ ಸೀಯುತ್ತಿತ್ತು.

ದೊಡ್ಡವ್ವ ಮನೆಮನೆಗೆ ಹೋಗಿ ಗೊಟ್ಟ ಹಾಕಿದಳು. ಕೆಲವು ದನಗಳು ಸುಧಾರಿಸುವ ಬದಲು ಕತ್ತು ಚಾಚಿ, ಬಾಯಿ ತೆರೆದು ಏದುಸಿರು ಬಿಡತೊಡಗಿದವು. ಅವಳ ಸ್ವಂತ ಆಕಳೂ ಮಲಗಿತು. ಅದನ್ನು ನೋಡಲು ಡಾಕ್ಟರು ಬಂದಾಗ ನಾನೂ ಅಲ್ಲೇ ಇದ್ದೆ.

"ಗೊಟ್ಟ ಹಾಕೀರೇನಮ್ಮ ಇದಕ್ಕ?"

"ಹಾಕೀನ್ರಿ. ಓಣ್ಯಾಗ ನಾನ ಹಾಕಾಕಿ."

"ಮೊದಲಿನ ಕೆಮ್ಮು ಯಾಕ ಬಂತೋ ನನಗೂ ಗೊತ್ತಿಲ್ಲ. ಆದ್ರ ಈಗ ಏದುಸಿರು ಬಿಡೋವೆಲ್ಲ ಗೊಟ್ಟ ಹಾಕಿದ ದನಾನ ಅದಾವು. ನಾಲಿಗಿ ಎಳದು ಹಿಡಿದ್ರ ಅದು ನುಂಗೂದು ಹೆಂಗ? ಎಣ್ಣಿ ಶ್ವಾಸಕೋಶಕ್ಕ ಇಳದೈತಿ."

ನನಗೆ ಸಿಟ್ಟು ಬಂದದ್ದು ಡಾಕ್ಟರ ಮೇಲೆ. ರೋಗ ಯಾವುದೆಂದು ಗೊತ್ತಿಲ್ಲ, ತಪ್ಪು ಯಾರದೆಂದು ಮಾತ್ರ ಗೊತ್ತಿದೆ! ನಮ್ಮ ಆಕಳಿಗೂ ಅಂದು ಬೆಳಿಗ್ಗೆ ಕೆಮ್ಮು ಶುರುವಾಗಿತ್ತು. ಅವರು ಆಚೆ ಹೋದೊಡನೆ, "ನೀ ಬಂದು ಹಾಕು ದೊಡ್ಡವ್ವ, ನನಗ ನಿನ್ನ ಮ್ಯಾಲ ನಂಬಿಕಿ ಐತಿ" ಎಂದೆ.

"ಬ್ಯಾಡ" ಎಂದಳು. "ಎಣ್ಣಿ ಹಾಕೂವಾಗ ಇದು ಕೆಮ್ಮಿತ್ತು. ನಾನ ಇನ್ನಷ್ಟು ತಲಿ ಎತ್ತಿಸಿದೆ. ನನ್ನ ಕೈಗೆ ಗೊತ್ತೈತಿ. ಜಲ್ದಿ ಹೋಗು, ಡಾಕ್ಟ್ರು ಓಣಿ ದಾಟೂದ್ರಾಗ ಕರಕೊಂಡು ಬಂದು ನಿನ್ನ ಆಕಳ ತೋರಿಸು."

ಉಸಿರಿಗೆ ಒದ್ದಾಡುತ್ತಿದ್ದ ತನ್ನ ಆಕಳನ್ನು ಮಗನಿಗೆ ಒಪ್ಪಿಸಿ ಓಣಿಗೆ ಇಳಿದಳು. ತಾನು ಗೊಟ್ಟ ಹಾಕಿದ್ದ ಬಾಗಿಲುಗಳಿಗೇ ಹೋಗಿ ನಿಂತು ಹೇಳಿದಳು: "ನಾ ಹಾಕಿದ್ದ ತಪ್ಪಾತು. ಇನ್ನ ಯಾರೂ ಹಾಕಬ್ಯಾಡ್ರಿ." ಗೊಟ್ಟ ಹಾಕಿಸಿದ ಮೇಲೆ ಎತ್ತು ಕಳೆದುಕೊಂಡಿದ್ದ ಒಬ್ಬ ಅವಳ ಮುಖ ಕಂಡೊಡನೆ ಕದ ಹಾಕಿಕೊಂಡ. ಮುಚ್ಚಿದ ಕದಕ್ಕೇ ಅದನ್ನು ಹೇಳಿ ಮುಂದಿನ ಮನೆಗೆ ನಡೆದಳು. ಅವಳ ಆಕಳು ಅಂದೇ ಸತ್ತಿತು.

ಗೊಟ್ಟ ಹಾಕಿಸದೆ ಡಾಕ್ಟರಿಗೆ ತೋರಿಸಿದ ನಮ್ಮ ಆಕಳು ಉಳಿದು, ಹೆಣ್ಣುಗರು ಹಾಕಿತು. ಬಂದ ಹಾಗೆಯೇ ಕೆಮ್ಮು ಹೋಯಿತು. ಕಾರಣ ಇವತ್ತಿಗೂ ಯಾರಿಗೂ ತಿಳಿದಿಲ್ಲ. ದೊಡ್ಡವ್ವನಿಗೆ ಮಾತ್ರ ನೆಮ್ಮದಿ ಹೋಯಿತು. ಪಾತ್ರೆ ತಿಕ್ಕುತ್ತಿದ್ದವಳು ಎದ್ದುಬಂದು ಕೇಳುತ್ತಿದ್ದಳು: "ಇಷ್ಟು ವರ್ಷ ದನ ಸತ್ತಾವಲ್ಲ, ಅವು ಜಡ್ಡಿಂದ ಸತ್ವೋ, ನನ್ನಿಂದ ಸತ್ವೋ?" "ನಮ್ಮ ಆಕಳಂತೂ ನಿನ್ನಿಂದನ ಉಳೀತು" ಎನ್ನುತ್ತಿದ್ದೆ. "ಅದು ಒಂದಾತು" ಎನ್ನುತ್ತಿದ್ದಳು. ಮರುದಿನ ಮತ್ತೆ ಅದೇ ಪ್ರಶ್ನೆ.

ಹೋದ ವರ್ಷ ತೀರಿಕೊಂಡಳು. ಮಣ್ಣು ಕೊಟ್ಟು ಬರುವಾಗ ಅಂದು ಕದ ಹಾಕಿಕೊಂಡವನು ನನ್ನ ಜೊತೆಯಾದ. "ಆವತ್ತು ಕದದ ಹಿಂದ ನಿಂತು ಕೇಳಿದ್ದೆ ತಂಗಿ. ಕೆಮ್ಮತಿದ್ದ ಇನ್ನೊಂದು ಎತ್ತಿಗೆ ಗೊಟ್ಟ ಹಾಕಲಿಲ್ಲ, ಅದು ಉಳೀತು. ಆಕಿಗೆ ಹೇಳಬೇಕಂತಿದ್ದೆ" ಎಂದ.

ನನಗೆ ಅಳುವೂ ಬಂತು, ಸಿಟ್ಟೂ ಬಂತು.

"ಹೇಳಬೇಕಿತ್ತಣ್ಣ. ಆಕಿ ದಿನಾ ಕೇಳತಿದ್ಲು."