ಹುಳದ ಗುಳಿಗೆ ಮತ್ತು ನಮ್ಮತ್ತೆಯ ತಮ್ಮ

ಮದುವೆಯೊಂದರ ಊಟದಲ್ಲಿ ಯಾರೋ ಪುಣ್ಯಾತ್ಮರು ನನ್ನ ಇಳಕಲ್ ಸೀರೆಯ ಮೇಲೆ ಸಾರು ಚೆಲ್ಲಿದರು. ಮನೆಯಲ್ಲಿ ಒಗೆದರೆ ಬಣ್ಣ ಹೋದೀತೆಂದು ಮೊಮ್ಮಗ ಅದನ್ನು ವಿಜಯಪುರದ ಡ್ರೈಕ್ಲೀನಿಂಗ್ ಅಂಗಡಿಗೆ ಕೊಟ್ಟು ತಂದ. ಕಾಗದ ಬಿಚ್ಚಿ ಮಡಿಕೆ ಬಿಡಿಸಿದ್ದೇ ತಡ, ಒಂದು ವಾಸನೆ ಬಂತು ನೋಡಿ! ಪೂರ್ತಿ ಸಿಹಿಯಲ್ಲ, ಕಹಿಯೂ ಅಲ್ಲ. ಮೂಗಿನೊಳಗೆ ತಣ್ಣಗೆ ಇಳಿದು ತಲೆಯಲ್ಲಿ ಹೋಗಿ ಕೂಡುವಂಥದು. "ಅಯ್ಯ, ಇದು ಹುಳದ ಗುಳಿಗೀದು ವಾಸನಿ!" ಎಂದೆ. ಅಜ್ಜಿಗೆ ವಯಸ್ಸಾಯಿತು ಎಂಬಂತೆ ಅವನು ನನ್ನನ್ನು ನೋಡಿದ. ನಾನು ಬಿಡಲಿಲ್ಲ. ಔಷಧಿ ಅಂಗಡಿ ನಡೆಸುವ ನೆರೆಮನೆಯವರನ್ನು ಕರೆಸಿ ಕೇಳಿದೆ. ಆ ಕಾಲದಲ್ಲಿ ಕೊಕ್ಕೆಹುಳಕ್ಕೆ ಕೊಡುತ್ತಿದ್ದ ಔಷಧವೂ ಈ ಬಟ್ಟೆ ತೊಳೆಯುವ ದ್ರಾವಣವೂ ಒಂದೇ, ಈಗ ಅದನ್ನು ಯಾರೂ ಹೊಟ್ಟೆಗೆ ಕೊಡುವುದಿಲ್ಲ, ಬೇರೆ ಒಳ್ಳೆಯ ಗುಳಿಗೆಗಳು ಬಂದಿವೆ ಎಂದರು. ನನಗೆ ಎಂಬತ್ತು ದಾಟಿರಬಹುದು, ನನ್ನ ಮೂಗಿಗೆ ದಾಟಿಲ್ಲ.

ನಿಮಗೆ ಆ ಗುಳಿಗೆಯ ಕಥೆ ಹೇಳಬೇಕೆಂದರೆ ಮೊದಲು ನಮ್ಮತ್ತೆಯ ಕಥೆ ಹೇಳಬೇಕು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು. ನಾನು ಇಂಡಿ ಕಡೆಯ ನಿಂಬೆ ತೋಟದ ಮನೆಯಿಂದ ಗೊಳಸಂಗಿಯ ಜೋಳದ ಹೊಲದ ಮನೆಗೆ ಸೊಸೆಯಾಗಿ ಬಂದಿದ್ದೆ. ತವರಿನಲ್ಲಿ ತೋಟದ ತುಂಬ ನೀರು. ಬರಿಗಾಲಲ್ಲಿ ಕಾಲುವೆಯ ಕೆಸರು ತುಳಿದೇ ಬೆಳೆದವಳು. ಇಲ್ಲಿ ಕೊಡ ನೀರಿಗೂ ಲೆಕ್ಕ. ಅತ್ತೆಯ ಹೆಸರು ಗೌರವ್ವ. ಅವರ ಧ್ವನಿ ಅಡುಗೆಮನೆಯಲ್ಲಿ ಹುಟ್ಟಿದರೆ ಊರ ಅಗಸೆಬಾಗಿಲಲ್ಲಿ ಕೇಳುತ್ತಿತ್ತು. ಎಷ್ಟೇ ಜೋರಾದರೂ ತಟ್ಟೆ ಹಾಕುವಾಗ ಮೊದಲ ಬಿಸಿ ರೊಟ್ಟಿ ಸೊಸೆಗೇ. ದಕ್ಷಿಣದ ಕಡೆಯವರು ನಮ್ಮ ಮಾತು ಕೇಳಿ ಜಗಳವೆಂದು ತಿಳಿಯುತ್ತಾರಂತೆ. ಅತ್ತೆಯ ಮಾತಿನ ವಿಷಯದಲ್ಲಿ ಅವರು ತಪ್ಪು ತಿಳಿದರೂ ಕ್ಷಮಿಸಬಹುದು.

ಬಂದ ಕೆಲವು ತಿಂಗಳಿಗೇ ನಾನು ಬಿಳಿಚಿಕೊಂಡೆ. ಜೋಳ ಬೀಸಲು ಕೂತರೆ ಎದೆ ಡವಡವ. ಅದಕ್ಕಿಂತ ವಿಚಿತ್ರವೆಂದರೆ ಮಣ್ಣಿನ ಆಸೆ. ಗೋಡೆ ಸಾರಿಸಲು ತಂದ ಕೆಮ್ಮಣ್ಣಿನ ಹೆಂಟೆ ಕಂಡರೆ ಬಾಯಲ್ಲಿ ನೀರು. ಯಾರೂ ನೋಡದಾಗ ಚೂರು ಮುರಿದು ದವಡೆಯಲ್ಲಿಟ್ಟುಕೊಂಡರೆ ಸ್ವರ್ಗ. ಅತ್ತೆಯ ಕಣ್ಣು ತಪ್ಪಿಸುವುದುಂಟೆ? ಒಂದು ದಿನ ಹಿಡಿದೇ ಬಿಟ್ಟರು. ಬೈಗಳಿಗೆ ನಾನು ತಲೆ ತಗ್ಗಿಸಿದರೆ ಅವರ ಮುಖದ ತುಂಬ ನಗು. ನಾನು ಮುಟ್ಟಾಗಿ ಹೊರಗೆ ಕೂತು ಎರಡು ತಿಂಗಳಾಗಿದ್ದನ್ನು ಅವರು ನನಗಿಂತ ಮೊದಲೇ ಗಮನಿಸಿದ್ದರು. ಮಣ್ಣಿನ ಬಯಕೆಯೂ ಕಂಡ ಮೇಲೆ ಅವರ ಪಾಲಿಗೆ ಮಾತು ಮುಗಿದಂತೆ. ಅಂದಿನಿಂದ ನನ್ನ ತಟ್ಟೆಯಲ್ಲಿ ತುಪ್ಪ ಹೆಚ್ಚಿತು, ತಲೆಯ ಮೇಲಿನ ಕೊಡ ಇಳಿಯಿತು. ಆದರೆ ಅಪ್ಪಣೆಯೊಂದು ಬಂತು:

"ಮೂರ್ ತಿಂಗಳ ತುಂಬೂತನಾ ಈ ಮಾತು ಹೊಸ್ತಿಲಾ ದಾಟಬಾರದು. ನಿನ್ನ ತವರಮನಿಗೂ ಹೇಳಬ್ಯಾಡ."

ಬಸುರು ನಿಂತ ಸುದ್ದಿಯನ್ನು ಮೂರು ತಿಂಗಳು ಮುಚ್ಚಿಡುವುದು ನಮ್ಮ ಕಡೆ ಎಲ್ಲರ ಮನೆಯ ರೂಢಿಯೇ. ಅತ್ತೆಯ ಮನೆಯಲ್ಲಿ ಅದು ರೂಢಿಯಾಗಿರಲಿಲ್ಲ, ವ್ರತವಾಗಿತ್ತು.

ತುಪ್ಪ ತಿಂದರೂ ನಾನು ಕೆಂಪಾಗಲಿಲ್ಲ. ಒಂದು ಬೆಳಗ್ಗೆ ಹಂಡೆಯ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದೆ. ಆಗ ಅತ್ತೆಯೇ ನನ್ನನ್ನು ಬಾಗೇವಾಡಿಯ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರರು ನಮ್ಮ ಸೀಮೆಯ ಮುಸಲ್ಮಾನರ ಮನೆತನದವರು. ಎಲ್ಲರ ಬಾಯಲ್ಲಿ ಬರೀ ಸಾಹೇಬರು. ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಉಗುರು ಒತ್ತಿ ನೋಡಿ, ಮಾರನೆಯ ದಿನ ಮಲ ತರಲು ಹೇಳಿದರು. ಅತ್ತೆ ಅದನ್ನು ಕಡ್ಡಿಪೆಟ್ಟಿಗೆಯಲ್ಲಿಟ್ಟು, ಬಟ್ಟೆ ಸುತ್ತಿ, ಬಸ್ಸಿನ ತುಂಬ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಪಕ್ಕದ ಹೆಂಗಸು ಕುತೂಹಲ ತಡೆಯಲಾರದೆ, "ಅದರಾಗ ಏನೈತ್ರಿ ಅವ್ವಾ?" ಎಂದಳು. "ಬಂಗಾರ," ಎಂದರು ಅತ್ತೆ. ಆ ಹೆಂಗಸು ಬಾಗೇವಾಡಿ ಬರುವವರೆಗೂ ಅದರ ಮೇಲಿನ ಕಣ್ಣು ಕೀಳಲಿಲ್ಲ.

ಸಾಹೇಬರು ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿನಲ್ಲಿ ನೋಡಿ ಬಂದು ಕೊಕ್ಕೆಹುಳ ಎಂದರು. ಕೆಸರಿನ ಮಣ್ಣಿನಿಂದ ಅಂಗಾಲಿನೊಳಗೆ ಹೊಕ್ಕು, ಕರುಳು ಕಚ್ಚಿ ರಕ್ತ ಹೀರುತ್ತದಂತೆ. "ಇಂಡಿ ಮಣ್ಣಿಂದು!" ಎಂದು ಅತ್ತೆ ನನ್ನ ಕಡೆ ನೋಡಿದರು. ಬೀಗರ ಮೇಲೆ ಒಂದು ಅಂಕ ಗೆದ್ದ ಖುಷಿ ಅವರಿಗೆ. ಸಾಹೇಬರು ಔಷಧ ಬರೆಯುವ ಮೊದಲು ತಲೆ ಎತ್ತಿ ಅತ್ತೆಯನ್ನೇ ಕೇಳಿದರು:

"ಸೊಸಿ ಬಸರೇನಿಲ್ಲಲ್ರಿ ಅವ್ವಾರ? ಇದ್ದರ ಈ ಗುಳಿಗಿ ಕೊಡಂಗಿಲ್ಲ."

"ಇಲ್ರಿ. ಏನೇನೂ ಇಲ್ಲ."

ಅತ್ತೆ ಹೇಳಿದ ಠೀವಿ ನೋಡಿ ನನಗೇ ಒಂದು ಗಳಿಗೆ ನಿಜವೆನಿಸಿತು. ಸೆರಗಿನೊಳಗೆ ನನ್ನ ಕೈಯನ್ನು ಅವರು ಗಟ್ಟಿಯಾಗಿ ಅದುಮಿದ್ದರು. ಪರಗಂಡಸಿನ ಎದುರು, ಅತ್ತೆಯ ಮಾತಿನ ಮೇಲೆ ಮಾತಾಡುವ ಸೊಸೆಯರು ಆಗ ಹುಟ್ಟಿರಲಿಲ್ಲ. ಸಾಹೇಬರು ಪುಡಿಕೆ ಕೊಟ್ಟು ತಿಳಿಸಿ ಹೇಳಿದರು: ಹಿಂದಿನ ಸಂಜೆಯಿಂದ ಎಣ್ಣೆ, ತುಪ್ಪ ಮುಟ್ಟಬಾರದು, ಜಿಡ್ಡಿದ್ದರೆ ಔಷಧ ರಕ್ತಕ್ಕೆ ಏರಿ ವಿಷವಾಗುತ್ತದೆ, ಬೆಳಗ್ಗೆ ಬರಿಹೊಟ್ಟೆಯಲ್ಲಿ ನುಂಗಿ ಮಲಗಬೇಕು, ಮೇಲೆ ಭೇದಿಗೆಂದು ಔಡಲ ಎಣ್ಣೆ ಕುಡಿಯಬಾರದು, ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರು ನುಂಗಬಾರದು.

ಮರುದಿನ ಬೆಳಗ್ಗೆ ಅತ್ತೆ ಹಾಸಿಗೆಯ ಹತ್ತಿರ ಬಂದರು. ಒಂದು ಕೈಯಲ್ಲಿ ಪುಡಿಕೆ, ಒಳಗೆ ಮೀನಿನ ಕಣ್ಣಿನಂತೆ ಹೊಳೆಯುವ ಗುಳಿಗೆಗಳು. ಇನ್ನೊಂದು ಕೈಯಲ್ಲಿ ತುಪ್ಪ ತೇಲುವ ಸಜ್ಜಕದ ಬಟ್ಟಲು.

"ಅರ್ಧದಷ್ಟು ನುಂಗು, ಸಾಕು. ಮದಲ ಇದನ್ನ ತಿನ್ನು. ಇಂಗ್ಲೀಷ್ ಔಷಧ ಉಷ್ಣ ಇರ್ತದ. ತುಪ್ಪ ಹೊಟ್ಟ್ಯಾಗಿದ್ದರ ಕೂಸಿಗೆ ತಂಪು."

ಅವರ ಲೆಕ್ಕ ನನಗೆ ಆಗ ತಿಳಿಯಿತು. ಡಾಕ್ಟರರಿಗೆ ಹೇಳದ ಕೂಸನ್ನು ಅವರು ಅರ್ಧ ಗುಳಿಗೆಯಿಂದಲೂ ತುಪ್ಪದಿಂದಲೂ ತಾವೇ ಕಾಯಲು ಹೊರಟಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಎರಡನ್ನೂ ಬಲ್ಲ ನಮ್ಮತ್ತೆ ಆ ಬೆಳಗ್ಗೆ ಎರಡನ್ನೂ ತಲೆಕೆಳಗು ಮಾಡಿ ತಂದಿದ್ದರು. ನನಗೆ ಭಯವಾಯಿತು. ಭಯವಾದಾಗ ನನ್ನ ಬಾಯಿ ತೆರೆಯುತ್ತದೆ. ಇದು ತವರಿನಿಂದ ತಂದ ಬಳುವಳಿ.

"ಅತ್ತೀ, ನಾ ನುಂಗಂಗಿಲ್ಲ. ನೀವ ಹೇಳ್ರಿ, ನನ್ನ ಹೊಟ್ಟ್ಯಾಗ ಕೂಸು ಐತೋ ಇಲ್ಲೋ?"

"ಹಗೂರ್ಕ ಮಾತಾಡ! ಗ್ವಾಡಿಗೂ ಕಿವಿ ಇರ್ತಾವ."

"ಇರಲಿ. ಗ್ವಾಡಿ ನನಗ ಗುಳಿಗಿ ಕೊಟ್ಟಿಲ್ಲ. ಕೊಟ್ಟವರ ಕಿವಿಗೆ ಹಾಕೂಣು ನಡೀರಿ. ಅವರು ನುಂಗು ಅಂದರ ನುಂಗ್ತೇನಿ, ಬ್ಯಾಡ ಅಂದರ ಬಿಡ್ತೇನಿ. ಅರ್ಧಾ ಪಾವು ನಂಗ ಬ್ಯಾಡ."

ಬೈಗಳು ಬರುತ್ತವೆಂದು ಕಾದೆ. ಬರಲಿಲ್ಲ. ಅತ್ತೆ ಬಟ್ಟಲನ್ನು ನೆಲಕ್ಕಿಟ್ಟು ನನ್ನ ಕಾಲ ಬಳಿ ಕೂತರು. ನಿನ್ನ ಗಂಡನಿಗಿಂತ ಮೊದಲು ನನಗೆ ಎರಡು ಬಸುರು ನಿಂತಿದ್ದವು, ಎರಡು ಸಲವೂ ನನ್ನ ಅಕ್ಕ ಬಾವಿಯ ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿದಳು, ಎರಡೂ ಉಳಿಯಲಿಲ್ಲ ಎಂದರು. ಅಷ್ಟು ಸಣ್ಣ ಧ್ವನಿ ಅವರಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ. ನನಗೆ ಅಳು ಬಂತು. ಆದರೂ ಪುಡಿಕೆಯನ್ನು ಮಡಿಲಲ್ಲಿ ಹಿಡಿದುಕೊಂಡೇ ಕೂತೆ. ಸ್ವಲ್ಪ ಹೊತ್ತಿಗೆ ಅವರು ಎದ್ದು ಟ್ರಂಕಿನ ಮುಚ್ಚಳ ತೆಗೆದರು. ಬೀಗರಿಗೆ ಆಯೇರಿ ಮಾಡಲು, ಉಡುಗೊರೆ ಕೊಡಲು ತಂದಿಟ್ಟಿದ್ದ ಹೊಸ ಟವೆಲ್ ಒಂದನ್ನು, ಒಂದು ತೆಂಗಿನಕಾಯನ್ನು ಚೀಲಕ್ಕೆ ಹಾಕಿಕೊಂಡು, "ನಡಿ," ಎಂದರು.

ದವಾಖಾನೆಯಲ್ಲಿ ನಮ್ಮ ಸರದಿ ಬಂದಾಗ ಅತ್ತೆ ಬಾಗಿಲು ಮುಚ್ಚಿ, ಕಾಯಿ, ಟವೆಲ್ ಎರಡನ್ನೂ ಮೇಜಿನ ಮೇಲಿಟ್ಟರು. ಸಾಹೇಬರು ಗಾಬರಿಯಾದರು.

"ಇದೇನ್ರಿ ಅವ್ವಾರ?"

"ಆಯೇರಿ. ನಮ್ಮನಿ ಒಳಗಿನ ಮಾತು ನಾವು ಮನಿಯವರಿಗಷ್ಟ ಹೇಳ್ತೀವಿ. ನೀವು ಹೊರಗಿನವರು. ಅದಕ್ಕ ಮದಲ ನೀವು ನನ್ನ ತಮ್ಮ ಆಗ್ರಿ. ಆಮ್ಯಾಲ ಹೇಳ್ತೇನಿ."

ಸಾಹೇಬರು ಕನ್ನಡಕ ತೆಗೆದು ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಆ ಟವೆಲ್ ಎತ್ತಿ ಹೆಗಲ ಮೇಲೆ ಹಾಕಿಕೊಂಡರು.

"ಆದೆ ಅಕ್ಕಾರ. ಹೇಳ್ರಿ."

"ಸೊಸಿಗೆ ಎರಡ ತಿಂಗಳ ಮ್ಯಾಲಾತು."

ಸಾಹೇಬರ ಮುಖದ ಬಣ್ಣ ಹೋಯಿತು. "ಗುಳಿಗಿ ನುಂಗ್ಯಾಳೇನ್ರಿ?" ಎಂದರು. ನಾನು ಮಡಿಲಿನಿಂದ ಪುಡಿಕೆ ತೆಗೆದು ಬಿಚ್ಚಿ ತೋರಿಸಿದೆ. ಕೊಟ್ಟ ಹಾಗೆಯೇ ಇತ್ತು. ಅವರು ಕುರ್ಚಿಗೆ ಬೆನ್ನು ಹಚ್ಚಿ ಉಸಿರು ಬಿಟ್ಟು, ಮರುಗಳಿಗೆ ತಮ್ಮನ ಹಕ್ಕಿನಿಂದಲೇ ಸಿಟ್ಟಾದರು.

"ನಿನ್ನೆ ಕೇಳಿದಾಗ ಯಾಕ ಹೇಳ್ಲಿಲ್ರಿ?"

"ನಿನ್ನೆ ನೀವು ತಮ್ಮ ಆಗಿದ್ದಿಲ್ಲಲ್ಲ!"

ಸಾಹೇಬರು ನಕ್ಕುಬಿಟ್ಟರು. ಗುಳಿಗೆಗಳನ್ನು ವಾಪಸು ತೆಗೆದುಕೊಂಡು, ಈ ಸಲ ನನ್ನನ್ನೇ ಕೇಳತೊಡಗಿದರು. ಮಣ್ಣಿನ ವಿಷಯ ಹೇಳಿದೆ. ಅದು ಬರೀ ಬಸುರಿನ ಬಯಕೆಯಲ್ಲ, ಮೈಯಲ್ಲಿ ರಕ್ತ ಬತ್ತಿದಾಗಲೂ ಹೀಗಾಗುತ್ತದೆ ಎಂದರು. ಮೊದಲು ಕಬ್ಬಿಣದ ಗುಳಿಗೆ ತಿಂದು ರಕ್ತ ಕೂಡಲಿ, ಹೆರಿಗೆಯಾಗಲಿ, ಕೂಸು ಮೊಲೆ ಬಿಡಲಿ, ಹುಳವನ್ನು ಆಮೇಲೆ ನೋಡಿಕೊಳ್ಳೋಣ ಎಂದರು. ಕಾಲಿಗೆ ಚಪ್ಪಲಿಯಿಲ್ಲದೆ ಹೊಲಕ್ಕೆ ಹೋಗಬೇಡ ಎಂದೂ ಹೇಳಿದರು. ಸೊಸೆಗೆ ಚಪ್ಪಲಿ ಕೊಡಿಸಿದ ಸುದ್ದಿ ಗೊಳಸಂಗಿಯಲ್ಲಿ ಬಸುರಿನ ಸುದ್ದಿಗಿಂತ ಜೋರಾಗಿ ಹಬ್ಬಿತು.

ಕೂಸು ಮೊಲೆ ಬಿಟ್ಟ ಮೇಲೆ ಕೊನೆಗೂ ಆ ಗುಳಿಗೆ ನುಂಗಿದೆ, ಸಾಹೇಬರು ಹೇಳಿದಾಗ, ಹೇಳಿದಷ್ಟು. ಹಿಂದಿನ ಸಂಜೆ ಅತ್ತೆ ತುಪ್ಪದ ಗಡಿಗೆಯನ್ನು ಎತ್ತಿ ಅಟ್ಟಕ್ಕೆ ಹಾಕಿದ್ದರು. ಮನೆಮಂದಿಗೆಲ್ಲ ಬರೀ ತಿಳಿಗಂಜಿ, ಸೊಸೆಗೆ ಆಸೆಯಾದೀತೆಂದು. ಗುಳಿಗೆ ಹೊಟ್ಟೆಗಿಳಿದ ಮೇಲೆ ತೇಗಿನೊಡನೆ ಬಂದ ವಾಸನೆಯೇ ಸೀರೆಯಲ್ಲಿ ಬಂದದ್ದು. ತಲೆ ಸ್ವಲ್ಪ ತೂಗಿತು. ನಾನು ಏಳದಂತೆ ಅತ್ತೆ ಮಂಚದ ಪಕ್ಕ ಕಾವಲು ಕೂತಿದ್ದರು. ಮುಂದೆ ಓಣಿಯಲ್ಲಿ ಯಾರೇ ದವಾಖಾನೆಯಿಂದ ಪುಡಿಕೆ ಹಿಡಿದು ಬಂದರೂ ಅವರನ್ನು ಅಡ್ಡಗಟ್ಟಿ, "ಡಾಕ್ಟರಗ ಎಲ್ಲಾ ಹೇಳಿಯೇನು? ಏನೂ ಮುಚ್ಚಿಲ್ಲಲ್ಲ?" ಎಂದು ವಿಚಾರಿಸುವುದು ಅವರ ಕೆಲಸವಾಯಿತು. ಅಣ್ಣತಮ್ಮಂದಿರ ಹಬ್ಬವಾದ ನಾಗರ ಪಂಚಮಿ ಬಂದರೆ ತಪ್ಪದೆ ತಮ್ಮನಿಗೆ ಉಂಡಿ ಕಟ್ಟಿ ಕಳಿಸುತ್ತಿದ್ದರು. ರಂಜಾನಿಗೆ ಆ ಮನೆಯಿಂದ ಶಾವಿಗೆಯ ಸುರಕುಂಬಾ ಬರುತ್ತಿತ್ತು.

ಇಷ್ಟು ಬರೆದಿದ್ದೆ. ನನ್ನ ಹಿರಿಯ ಮಗಳು ಸುಮಿತ್ರಾ ಬಂದಳು. ಸಾಲಿ ಕಲಿಸಿ ನಿವೃತ್ತಳಾದವಳು, ಕಾಗದ ಕಂಡರೆ ತಿದ್ದಲು ಕೈ ಚಾಚುತ್ತಾಳೆ. ನಿಂತಲ್ಲೇ ಓದಿದಳು. ಒಂದು ತಪ್ಪನ್ನೂ ತಿದ್ದಲಿಲ್ಲ. ಇದನ್ನು ನಾನು ಅವಳಿಗೆ ಇಷ್ಟು ವರ್ಷ ಹೇಳಿರಲಿಲ್ಲ. ಅತ್ತೆಯ ವ್ರತ ನನಗೂ ಸ್ವಲ್ಪ ಅಂಟಿರಬೇಕು. ಮೆಲ್ಲಗೆ ನನ್ನ ಪಕ್ಕ ಕೂತು ಕೇಳಿದಳು:

"ಅವ್ವಾ, ಆ ಹೊಟ್ಟ್ಯಾಗಿನ ಕೂಸು ನಾನೇನು?"

"ಹೌದವಾ."

"ನೀ ಅವತ್ತ ಗುಳಿಗಿ ನುಂಗಿದ್ದರ ನಾ ಇರ್ತಿದ್ದಿಲ್ಲೇನು?"

"ಯಾರಿಗೆ ಗೊತ್ತು? ಏನೂ ಆಗ್ತಿದ್ದಿಲ್ಲೋ ಏನೋ. ಅದನ್ನ ನುಂಗಿ ತಿಳಕೊಳ್ಳೂದು ಬ್ಯಾಡಾಗಿತ್ತು ನನಗ," ಎಂದೆ.

ಅರವತ್ತು ದಾಟಿದ ಮಗಳು ಚಿಕ್ಕವಳ ಹಾಗೆ ನನ್ನ ತೊಡೆಯ ಮೇಲೆ ತಲೆಯಿಟ್ಟಳು.